ಕಾಳು ಉಂಟು, ಹುಳುವಿಲ್ಲ: ಚಳಿಗಾಲದ ಕೋಳಿಗಳ ಪರವಾಗಿ ಒಂದು ಬಹಿರಂಗ ಪತ್ರ

ಹಾವೇರಿ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ಮಾನ್ಯರೇ,

ಗೋವಿನಜೋಳದ ಜಿಲ್ಲೆಯಲ್ಲಿ ಕೋಳಿಗೆ ಮೇವಿನ ಕೊರತೆ ಎಂದರೆ ನಿಮಗೆ ನಗು ಬಂದೀತು. ದೀಪಾವಳಿಯ ಹೊತ್ತಿಗೆ ರಾಣೆಬೆನ್ನೂರಿನಿಂದ ಶಿಗ್ಗಾವಿಯವರೆಗೆ ರಸ್ತೆಯಂಚಿನಲ್ಲೆಲ್ಲ ಅದರದೇ ರಾಶಿ. ಆದರೂ ಬಯಲಲ್ಲಿ ಮೇಯುವ ಜವಾರಿ ಕೋಳಿಗಳು ಸೊರಗುವುದು ಆ ದಿನಗಳಿಂದಲೇ. ಗೋವಿನಜೋಳದಲ್ಲಿ ಪ್ರೊಟೀನ್ ಶೇ 9ರ ಆಸುಪಾಸು. ಚೆನ್ನಾಗಿ ಮೊಟ್ಟೆ ಇಡುವ ಕೋಳಿಗೆ ಶೇ 16ರಷ್ಟು ಬೇಕು. ಮಳೆಗಾಲದಲ್ಲಿ ಆ ಅಂತರವನ್ನು ಹುಳುಹುಪ್ಪಟೆ, ಎಳೆಹುಲ್ಲು ತುಂಬಿಕೊಡುತ್ತವೆ. ನೆಲ ಒಣಗಿದ ಮೇಲೆ ಅವೆರಡೂ ಇಲ್ಲ. ಸಾಲದ್ದಕ್ಕೆ ಹಿಂಗಾರಿ ಕಡಲೆ ಮೊಳಕೆ ಒಡೆಯುವಾಗ ಕೋಳಿಯನ್ನು ಹೊಲಕ್ಕೆ ಬಿಟ್ಟರೆ ನೆರೆಯವರೊಂದಿಗೆ ಜಗಳ. ಬಿತ್ತುವಾಗ ಬಿಟ್ಟರೆ ಔಷಧ ಹಚ್ಚಿದ ಬೀಜ ತಿಂದು ಸಾವು. ಹಗಲು ಗಿಡ್ಡವಾದಾಗ ಮೊಟ್ಟೆ ಕಡಿಮೆಯಾಗುವುದು ಸಹಜವೇ, ಆದರೆ ನಮ್ಮ ಕಡೆ ಚಳಿಗಾಲದ ಹಗಲೂ ಹನ್ನೊಂದು ತಾಸಿಗೆ ಇಳಿಯುವುದಿಲ್ಲ. ತಪ್ಪನ್ನೆಲ್ಲ ಸೂರ್ಯನ ಮೇಲೆ ಹಾಕುವಂತಿಲ್ಲ.

ಇದಕ್ಕೆ ಚೀಲದ ಆಹಾರ ಕೊಳ್ಳಿರಿ ಎಂಬುದು ಸುಲಭದ ಉತ್ತರ. ಹತ್ತು ಕೋಳಿ ಸಾಕುವ ಮನೆಗೆ ಅದು ಲೆಕ್ಕಕ್ಕೆ ಕೂಡುವುದಿಲ್ಲ.

ನಮ್ಮ ಹಿರಿಯರು ಮರಿಗಳಿಗೆ ಒರಲೆ (ಗೆದ್ದಲು) ಹಿಡಿಯುತ್ತಿದ್ದರು. ಬಾಯಿ ಒಡೆದ ಗಡಿಗೆಗೆ ಒಣ ಸಗಣಿ, ರವದಿ, ಹರಕು ಗೋಣಿಚೀಲ ತುರುಕಿ, ನೀರು ಚಿಮುಕಿಸಿ, ಒರಲೆ ಇರುವ ನೆಲದ ಮೇಲೆ ಸಂಜೆ ಬೋರಲು ಹಾಕುವುದು. ಬೆಳಗಾಗುವುದರೊಳಗೆ ಅದು ಬೆಳ್ಳಗೆ ಮುತ್ತಿರುತ್ತದೆ. ಅಂಗಳದಲ್ಲಿ ಕೊಡವಿದರೆ ಮರಿಗಳು ಒಂದರ ಮೇಲೊಂದು ಬಿದ್ದು ಹೆಕ್ಕುತ್ತವೆ. ಬಿಸಿಲೇರುವ ಮುನ್ನ ಗಡಿಗೆ ಎತ್ತಬೇಕು, ತಡವಾದರೆ ಹುಳು ನೆಲಕ್ಕಿಳಿದುಬಿಡುತ್ತದೆ. ಕಾಸು ಖರ್ಚಿಲ್ಲದ ಈ ವಿದ್ಯೆ ಯಾವ ತರಬೇತಿಯಲ್ಲೂ ನನ್ನ ಕಿವಿಗೆ ಬಿದ್ದಿಲ್ಲ.

ಒರಲೆ ಎಲ್ಲ ಕಡೆ ಸಿಗದು. ಅದಕ್ಕೇ ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಜರಿಗಿಡ ಅಜೋಲಾ, ಜೊತೆಗೆ ನುಗ್ಗೆಸೊಪ್ಪು. ಅಜೋಲಾಕ್ಕೆ ನಮ್ಮ ಚಳಿಗಾಲ ಹಿತವಾದ ಕಾಲ, ಅದನ್ನು ಬೇಯಿಸಿ ಕೊಲ್ಲುವುದು ಏಪ್ರಿಲ್ ಬಿಸಿಲು. ಆದರೆ ಹಸಿ ಅಜೋಲಾದಲ್ಲಿ ಶೇ 90ಕ್ಕೂ ಹೆಚ್ಚು ನೀರೇ ಇರುವುದರಿಂದ ಅದೊಂದರಿಂದಲೇ ಕೋಳಿ ಬದುಕುತ್ತದೆ ಎಂದು ಯಾರೂ ಭಾಷಣ ಮಾಡಬಾರದು. ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪಿನ ಪುಡಿಯಲ್ಲಿ ಪ್ರೊಟೀನ್ ಶೇ 25ರ ಹತ್ತಿರ. ಹಾನಗಲ್ಲ ಕಡೆಯ ಗಿರಣಿಗಳ ನುಚ್ಚು, ತೌಡಿಗೆ ಅದನ್ನೂ ಸ್ವಲ್ಪ ಸೂರ್ಯಕಾಂತಿ ಹಿಂಡಿಯನ್ನೂ ಬೆರೆಸಿದರೆ ಚಳಿಗಾಲ ದಾಟಬಹುದು. ಶೇಂಗಾ ಹಿಂಡಿಯೂ ಒಳ್ಳೆಯದೇ, ಬೂಷ್ಟು ಹಿಡಿದಿರದಿದ್ದರೆ. ಮಾರಾಟಕ್ಕೆ ಬಾರದ ಹಸಿ, ಕಪ್ಪು ಗೋವಿನಜೋಳವನ್ನು "ಕೋಳಿಗಾದರೂ ಆಯಿತು" ಎಂದು ಚೆಲ್ಲುವುದು ಮಾತ್ರ ಬೇಡ. ಅದರ ಬೂಷ್ಟಿನ ವಿಷ ಕೋಳಿಯ ಯಕೃತ್ತನ್ನೇ ಕೆಡಿಸುತ್ತದೆ.

ನಿಮ್ಮಿಂದ ಆಗಬೇಕಾದದ್ದು ದೊಡ್ಡದೇನಲ್ಲ. ಹೋಬಳಿಗೊಂದರಂತೆ ಪಶು ಆಸ್ಪತ್ರೆಯ ಆವರಣದಲ್ಲಿ ಅಜೋಲಾ ತೊಟ್ಟಿ ಇಡಿಸಿ, ಕೇಳಿದವರಿಗೆ ಒಂದು ಬೊಗಸೆ ಬಿತ್ತನೆ ಕೊಡಿಸಿ. ಕೋಳಿಮರಿ ವಿತರಿಸುವ ದಿನವೇ ಸ್ವಸಹಾಯ ಸಂಘದ ಮಹಿಳೆಯರಿಗೆ ಒರಲೆ ಗಡಿಗೆಯನ್ನು ಮಾಡಿ ತೋರಿಸಿ. ಕರಪತ್ರ ಬೇಡ, ಅದು ಒಲೆಗೆ ಹೋಗುತ್ತದೆ. ಉದ್ಯೋಗ ಖಾತರಿಯ ನರ್ಸರಿಗಳಲ್ಲಿ ಬೇಲಿಸಾಲಿಗೆಂದು ನುಗ್ಗೆ ಸಸಿ ಬೆಳೆಸಿ. ಜೂನ್‌ನಲ್ಲಿ ನೆಟ್ಟರೆ ಕಡಲೆ ಬಿತ್ತನೆಯ ಹೊತ್ತಿಗೆ ಸೊಪ್ಪು ಕೈಗೆ ಬರುತ್ತದೆ, ಹಾಗಾಗಿ ಬರುವ ವರ್ಷದ ಕ್ರಿಯಾಯೋಜನೆಯಲ್ಲೇ ಇದನ್ನು ಸೇರಿಸಬೇಕಾಗಿ ವಿನಂತಿ.

ಇಂತಿ,
ಹಾವೇರಿ ತಾಲ್ಲೂಕಿನ ಒಬ್ಬ ಕೋಳಿ ಸಾಕಣೆದಾರಳು