ಮಣಿಪಾಲದ ಬೀದಿ ವ್ಯಾಪಾರಿಗಳ ಗಣತಿ ರಜೆಯ ತಿಂಗಳಲ್ಲಿ ಬೇಡ

ಮಾನ್ಯ ಸಂಪಾದಕರೇ,

1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದ ಮೇಲೆ ಮಣಿಪಾಲ ಬೆಳೆದ ಬಗೆ ನಾವೆಲ್ಲ ಹೆಮ್ಮೆಪಡುವಂಥದ್ದು. ಆದರೆ ಹಾಸ್ಟೆಲ್ ಮೆಸ್ಸುಗಳಲ್ಲಿ ಅಡುಗೆ ಮಾಡುವವರು, ಪಿ.ಜಿ.ಗಳ ಕೋಣೆ ಗುಡಿಸುವವರು, ಜೆರಾಕ್ಸ್ ಅಂಗಡಿಯವರು, ರಿಕ್ಷಾ ಚಾಲಕರು, ರಸ್ತೆ ಬದಿಯ ತಳ್ಳುಗಾಡಿಯವರು ಹೇಗೆ ಬದುಕುತ್ತಿದ್ದಾರೆ ಎಂಬುದು ಚರ್ಚೆಗೆ ಬರುವುದು ಕಡಿಮೆ.

ಇವರ ಸಂಪಾದನೆ ಕಾಲೇಜಿನ ವೇಳಾಪಟ್ಟಿಯನ್ನು ಅವಲಂಬಿಸಿದೆ. ಪರೀಕ್ಷೆ ಮುಗಿದು ಮಕ್ಕಳು ಊರಿಗೆ ಹೊರಟರೆಂದರೆ ವಿದ್ಯಾರತ್ನ ನಗರ, ಈಶ್ವರ ನಗರದ ಕಡೆ ಸಂಜೆಯ ವ್ಯಾಪಾರ ನಿಂತೇಹೋಗುತ್ತದೆ. ಆಸ್ಪತ್ರೆಗೆ ವರ್ಷವಿಡೀ ಜನ ಬರುವುದರಿಂದ ಆ ಬದಿಯವರಿಗೆ ಅಷ್ಟು ಕಷ್ಟವಿಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡು ಇಲ್ಲಿನ ಪ್ರಧಾನ ಕಚೇರಿ ಇಲ್ಲವಾದ ಮೇಲಂತೂ ಊರಿನ ವ್ಯಾಪಾರ ವಿದ್ಯಾರ್ಥಿಗಳನ್ನೇ ಇನ್ನಷ್ಟು ನೆಚ್ಚಿಕೊಂಡಿದೆ. ಅದೇ ವರ್ಷ ಲಾಕ್‌ಡೌನಿನಲ್ಲಿ ಹಾಸ್ಟೆಲುಗಳು ಖಾಲಿಯಾದಾಗ ಬಾಡಿಗೆ ಕಟ್ಟಲಾಗದೆ ಎಷ್ಟೋ ಮಂದಿ ತತ್ತರಿಸಿದ್ದನ್ನು ಪಕ್ಕದ ಪರ್ಕಳದಲ್ಲಿರುವ ನಾವು ಕಣ್ಣಾರೆ ಕಂಡಿದ್ದೇವೆ.

ಕೂಲಿಕಾರರಲ್ಲಿಯೂ ಗಾಡಿ ವ್ಯಾಪಾರಿಗಳಲ್ಲಿಯೂ ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರು ಬಹಳ. ನಮ್ಮ ರಸ್ತೆಯ ತಿರುವಿನಲ್ಲಿ ಹಣ್ಣು ಮಾರುವ ಬಾದಾಮಿ ಕಡೆಯ ತಾಯಿಯೊಬ್ಬರು ಮೇ ಕೊನೆಗೆ ತಕ್ಕಡಿಯನ್ನೂ ದೊಡ್ಡ ಕೊಡೆಯನ್ನೂ ಪಕ್ಕದ ಅಂಗಡಿಯವರ ವಶಕ್ಕೆ ಕೊಟ್ಟು, ಮುಂಗಾರಿನ ಬಿತ್ತನೆಗೆಂದು ಊರಿಗೆ ಹೋಗುತ್ತಾರೆ. ಕಾಲೇಜು ಶುರುವಾಗುವ ಹೊತ್ತಿಗೆ ಮರಳಿ ಅದೇ ಜಾಗದಲ್ಲಿ ಬುಟ್ಟಿ ಇಡುತ್ತಾರೆ. ಆ ಎರಡು ತಿಂಗಳಲ್ಲಿ ಜಾಗ ಬೇರೆಯವರ ಪಾಲಾದೀತೆಂಬ ಅಂಜಿಕೆ ಅವರಿಗೆ ಪ್ರತಿ ವರ್ಷವೂ ಇದ್ದದ್ದೇ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಕಾಯ್ದೆ ಒಳ್ಳೆಯದೇ. ಆದರೆ ಮಣಿಪಾಲದಂಥ ಊರಿನಲ್ಲಿ ಜೂನ್ ತಿಂಗಳಲ್ಲಿ ಸಮೀಕ್ಷೆ ಮಾಡಿದರೆ ವರ್ಷದ ಹತ್ತು ತಿಂಗಳು ಇಲ್ಲೇ ದುಡಿಯುವವರ ಹೆಸರು ಪಟ್ಟಿಗೆ ಸೇರುವುದಿಲ್ಲ, ಪಟ್ಟಿಯಲ್ಲಿಲ್ಲದವರಿಗೆ ಗುರುತಿನ ಚೀಟಿಯೂ ಇಲ್ಲ, ಚೀಟಿ ಇಲ್ಲದವರನ್ನು ಎಬ್ಬಿಸಬಹುದು. ಆದ್ದರಿಂದ ಮಣಿಪಾಲವನ್ನೂ ಒಳಗೊಂಡ ಉಡುಪಿ ನಗರಸಭೆಯು ಮುಂದಿನ ಸಮೀಕ್ಷೆಯನ್ನು ತರಗತಿಗಳು ನಡೆಯುವ ಸೆಪ್ಟೆಂಬರಿನಿಂದ ನವೆಂಬರಿನ ಒಳಗೆ, ಅದೂ ಸಂಜೆಯ ಹೊತ್ತಿನಲ್ಲಿ ನಡೆಸಬೇಕು. ರಜೆಯಲ್ಲಿ ಊರಿಗೆ ಹೋದವರ ಜಾಗ ರದ್ದಾಗದಂತೆ ನಿಯಮದಲ್ಲೇ ಸ್ಪಷ್ಟಪಡಿಸಬೇಕು.

ಇನ್ನೊಂದು ಮಾತು. ಬೆಳಿಗ್ಗೆ ಬುತ್ತಿ ಹಿಡಿದು ಗುತ್ತಿಗೆದಾರರ ವಾಹನಕ್ಕೆ ಕಾಯುವ ಕೂಲಿಕಾರರು ಮಳೆಗಾಲದಲ್ಲಿ ಮುಚ್ಚಿದ ಅಂಗಡಿಗಳ ಸೂರಿನಡಿ ನಿಲ್ಲಬೇಕಾಗಿದೆ. ಅವರಲ್ಲಿ ಹೆಂಗಸರೂ ಇದ್ದಾರೆ, ಕಂಕುಳಲ್ಲಿ ಕೂಸನ್ನು ಹೊತ್ತವರೂ ಇದ್ದಾರೆ. ಅವರು ಸೇರುವ ಜಾಗದಲ್ಲಿ ಒಂದು ತಂಗುದಾಣವನ್ನೂ ನೀರಿರುವ ಶೌಚಾಲಯವನ್ನೂ ಕಟ್ಟಿಸುವುದು ನಗರಸಭೆಗೆ ದೊಡ್ಡ ಹೊರೆಯಾಗದು. ಜಿಲ್ಲಾಧಿಕಾರಿ ಕಚೇರಿ ಇರುವುದೂ ಮಣಿಪಾಲದಲ್ಲೇ ಆದ್ದರಿಂದ, ಅಧಿಕಾರಿಗಳು ಒಂದು ಮುಂಜಾನೆ ಸ್ವತಃ ಬಂದು ನೋಡಿ ಈ ಮಳೆಗಾಲಕ್ಕೆ ಮೊದಲೇ ಕೆಲಸ ಆರಂಭಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಓದುಗರೊಬ್ಬರು, ಪರ್ಕಳ