ಮೊಸರನ್ನಕ್ಕೆ ಹೆದರಬೇಕಿಲ್ಲ

ಮಾನ್ಯ ಸಂಪಾದಕರೇ,

ಡಿ-ಅಮೈನೋ ಆಮ್ಲಗಳನ್ನು ನಮ್ಮ ದೇಹ ಅರಗಿಸಲಾರದೆಂದು ಜಯನಗರದ ಆರೋಗ್ಯ ಉಪನ್ಯಾಸವೊಂದರಲ್ಲಿ ಈಚೆಗೆ ಹೇಳಿದ್ದು ಸರಿಯಲ್ಲ. ಮೊಸರಿನಂಥ ಹುದುಗಿದ ಆಹಾರದಿಂದಲೂ ಕರುಳಿನ ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಿಂದಲೂ ಒಳಸೇರುವ, ಪ್ರೋಟೀನುಗಳ ಇಟ್ಟಿಗೆಗಳಾದ ಎಲ್-ಅಮೈನೋ ಆಮ್ಲಗಳ ಕನ್ನಡಿಬಿಂಬದಂತಿರುವ ಇವುಗಳನ್ನು ಮುಖ್ಯವಾಗಿ ಮೂತ್ರಪಿಂಡ, ಯಕೃತ್ತುಗಳಲ್ಲಿರುವ ಡಿ-ಅಮೈನೋ ಆಸಿಡ್ ಆಕ್ಸಿಡೇಸ್ ಎಂಬ ಕಿಣ್ವವು ಬಿ2 ಜೀವಸತ್ವದಿಂದಾದ ಸಹಕಿಣ್ವದ ನೆರವಿನಿಂದ ಉತ್ಕರ್ಷಿಸಿ, ಕೀಟೋ ಆಮ್ಲ, ಅಮೋನಿಯಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ಗಳನ್ನು ಉಂಟುಮಾಡುತ್ತದೆ. ಪೆರಾಕ್ಸೈಡನ್ನು ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ಅಲ್ಲಿಯೇ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಜೀವರಸಾಯನ ವಿಜ್ಞಾನಿ ಹ್ಯಾನ್ಸ್ ಕ್ರೆಬ್ಸ್ 1935ರಲ್ಲೇ ಈ ಕ್ರಿಯೆಯನ್ನು ಗುರುತಿಸಿದ್ದರು. ಇದೇ ಗುಂಪಿನ ಡಿ-ಆಸ್ಪಾರ್ಟೇಟ್‌ಗೆ ಬೇರೊಂದು ಕಿಣ್ವವಿದೆ. ಅಷ್ಟೇ ಅಲ್ಲ, ಕಲಿಕೆ ಮತ್ತು ನೆನಪಿಗೆ ನೆರವಾಗುವ ಡಿ-ಸೆರೀನ್ ಎಂಬ ಡಿ-ಅಮೈನೋ ಆಮ್ಲವನ್ನು ನಮ್ಮ ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ. ನನಗಂತೂ ಇದು ಇಂದಿಗೂ ವಿಸ್ಮಯ. ಅಂದು ಮೊಸರನ್ನ ಬಿಡಬೇಕೇ ಎಂದು ಆತಂಕದಿಂದ ಕೇಳಿದ ಹಿರಿಯರಿಗೆ ಈ ವಿವರಣೆ ಸಿಗಬೇಕಿತ್ತು.

– ನಿವೃತ್ತ ಜೀವರಸಾಯನ ಅಧ್ಯಾಪಕಿ, ಬಸವನಗುಡಿ, ಬೆಂಗಳೂರು