ಹೈಸ್ಕೂಲಿನಲ್ಲಿ ಒಂದಾದರೂ ಆಯ್ಕೆಯ ವಿಷಯ ಇರಲಿ

ಸಂಪಾದಕರಿಗೆ ನಮಸ್ಕಾರ.

ಮಲೆನಾಡಿನ ಹಳೇ ಶಾಲೆಗಳು ಒಂದೊಂದಾಗಿ ನೂರು ವರ್ಷ ದಾಟುತ್ತಿವೆ. ಕಟ್ಟಡಕ್ಕೆ ಬಣ್ಣ, ವೇದಿಕೆ, ಸ್ಮರಣ ಸಂಚಿಕೆ, ಹಳೇ ವಿದ್ಯಾರ್ಥಿಗಳಿಗೆ ಊಟ. ಎಲ್ಲಾ ಸರಿ. ಆದರೆ ಅಲ್ಲಿ ಆಗ ಏನೇನು ಕಲಿಸುತ್ತಿದ್ದರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕು ಅನ್ನುವುದಕ್ಕೆ ಕಾರಣ ಇದೆ. ಆಗ ಹೈಸ್ಕೂಲು ಮೆಟ್ಟಿಲು ಹತ್ತಿದ ಕೆಲವೇ ಕೆಲವು ಹುಡುಗರಿಗೆ ಹಲವು ಕಡೆ ಸಿಗುತ್ತಿದ್ದ ಒಂದು ಅನುಕೂಲ, ಇವತ್ತು ಹತ್ತನೇ ಕ್ಲಾಸು ಬರೆಯುವ ಲಕ್ಷಾಂತರ ಮಕ್ಕಳಲ್ಲಿ ಹೆಚ್ಚಿನವರಿಗೆ ಸಿಗುತ್ತಿಲ್ಲ. ಓದುವ ವಿಷಯವನ್ನು ತಾವೇ ಆರಿಸಿಕೊಳ್ಳುವ ಅನುಕೂಲ.

ಆಗ ನಮ್ಮ ಸುತ್ತ ಮೂರು ಸರ್ಕಾರಗಳ ಓದು ಇತ್ತು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಎಲ್ಲಾ ಮೈಸೂರು ಸಂಸ್ಥಾನ. ಆಗುಂಬೆ ಘಾಟಿ ಇಳಿದರೆ ಮದ್ರಾಸು. ಸಾಗರ ದಾಟಿ ಸಿದ್ದಾಪುರದ ಕಡೆ ಹೋದರೆ ಬೊಂಬಾಯಿ, ಅಲ್ಲಿ ಹೈಸ್ಕೂಲಿನ ಕೊನೆಗೆ ಮೆಟ್ರಿಕ್ ಪರೀಕ್ಷೆ. ನಮ್ಮಲ್ಲಿ ಎ.ವಿ. ಸ್ಕೂಲು (ಆಂಗ್ಲೋ ವರ್ನಾಕ್ಯುಲರ್, ಅಂದರೆ ಇಂಗ್ಲಿಷು ಕನ್ನಡ ಎರಡೂ ಕಲಿಸುವ ಶಾಲೆ) ಮುಗಿಸಿ ಲೋಯರ್ ಸೆಕೆಂಡರಿ ಪರೀಕ್ಷೆ ಪಾಸಾದರೆ ಮುಂದೆ ಹೈಸ್ಕೂಲು, ಅಂದರೆ ನಾಲ್ಕು, ಐದು, ಆರನೇ ಫಾರಂ. ಕುವೆಂಪು ಅವರು ತೀರ್ಥಹಳ್ಳಿಯ ಎ.ವಿ. ಸ್ಕೂಲಿನಲ್ಲಿ ಓದಿ ಹೈಸ್ಕೂಲಿಗೆ ಮೈಸೂರಿಗೇ ಹೋಗಿದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಗಣಿತ, ಚರಿತ್ರೆ, ವಿಜ್ಞಾನ ಎಲ್ಲಾ ಇಂಗ್ಲಿಷಿನಲ್ಲಿ. ಕನ್ನಡ ಬರೀ ಪಂಡಿತರ ಪೀರಿಯಡ್ಡಿಗೆ. ಆ ಪಂಡಿತರಿಗೆ ಇಂಗ್ಲಿಷ್ ಮೇಷ್ಟ್ರಷ್ಟು ಸಂಬಳವೂ ಇಲ್ಲ, ಮರ್ಯಾದೆಯೂ ಇಲ್ಲ. ಆ ಕಾಲವನ್ನು ಹೊಗಳುವ ಉದ್ದೇಶ ನನಗಿಲ್ಲ.

ಆದರೂ ಒಂದು ಗಮನಿಸಿ. ಮದ್ರಾಸಿನವರು 1910ರ ಸುಮಾರಿಗೆ ಮೆಟ್ರಿಕ್ ಬದಲು ಎಸ್ಸೆಸ್ಸೆಲ್ಸಿ ಪದ್ಧತಿ ತಂದರು. ಇಂಗ್ಲಿಷು, ದೇಶಭಾಷೆ, ಸಾಮಾನ್ಯ ಗಣಿತ ಎಲ್ಲರಿಗೂ ಕಡ್ಡಾಯ. ಅದರ ಮೇಲೆ ಐಚ್ಛಿಕ ವಿಷಯಗಳ ಒಂದು ದೊಡ್ಡ ಪಟ್ಟಿ. ಬೀಜಗಣಿತ-ರೇಖಾಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಡ್ರಾಯಿಂಗು, ಬುಕ್ ಕೀಪಿಂಗು, ಟೈಪ್‌ರೈಟಿಂಗು, ಶಾರ್ಟ್‌ಹ್ಯಾಂಡು ಕೂಡ ಅದರಲ್ಲಿದ್ದವು. ಎಲ್ಲಾ ಶಾಲೆಯಲ್ಲೂ ಎಲ್ಲಾ ಇರುತ್ತಿರಲಿಲ್ಲ ಬಿಡಿ, ಮೇಷ್ಟ್ರು ಸಿಕ್ಕ ಹಾಗೆ. ಆದರೆ ಪಟ್ಟಿಯಂತೂ ಇತ್ತು. ಇನ್ನೊಂದು ವಿಶೇಷ ಅಂದರೆ, ಎಸ್ಸೆಸ್ಸೆಲ್ಸಿ ಆಗ ಒಂದು ಪುಸ್ತಕ. ಹುಡುಗ ಹೈಸ್ಕೂಲಿನಲ್ಲಿ ತೆಗೆದ ಅಂಕಗಳನ್ನು ಹೆಡ್ಮಾಸ್ಟರು ಅದರಲ್ಲಿ ಬರೆಯುತ್ತಾ ಬರಬೇಕು, ಕೊನೆಗೆ ಪಬ್ಲಿಕ್ ಪರೀಕ್ಷೆಯ ಅಂಕವೂ ಅದೇ ಪುಸ್ತಕಕ್ಕೆ.

ಅದೇ ಕಾಲದ ಅಮೆರಿಕದ ಹೈಸ್ಕೂಲುಗಳಲ್ಲಿ ಈ ಆಯ್ಕೆ ಇನ್ನೂ ಜಾಸ್ತಿ. 1890ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಮುಂದಾಳತ್ವದ ಹತ್ತು ಜನರ ಸಮಿತಿ ಹೈಸ್ಕೂಲಿಗೆ ನಾಲ್ಕು ಬಗೆಯ ಕೋರ್ಸು ಸೂಚಿಸಿತು. ಒಂದರಲ್ಲಿ ಗ್ರೀಕು, ಲ್ಯಾಟಿನ್ನು. ಒಂದರಲ್ಲಿ ಲ್ಯಾಟಿನ್ನು, ವಿಜ್ಞಾನ. ಇನ್ನೊಂದರಲ್ಲಿ ಜರ್ಮನ್, ಫ್ರೆಂಚಿನಂಥ ಆಧುನಿಕ ಭಾಷೆ. ಮತ್ತೊಂದರಲ್ಲಿ ಇಂಗ್ಲಿಷಿಗೇ ಜೋರು. 1900ರಲ್ಲಿ ಅಲ್ಲಿನ ಹೈಸ್ಕೂಲು ಮಕ್ಕಳಲ್ಲಿ ಸುಮಾರು ಅರ್ಧ ಜನ ಲ್ಯಾಟಿನ್ ಓದುತ್ತಿದ್ದರು ಅಂದರೆ ಈಗ ನಗು ಬರುತ್ತದೆ, ಆದರೆ ಅದೇ ಶಾಲೆಗಳಲ್ಲಿ ನಿಧಾನಕ್ಕೆ ಕಾಮರ್ಸ್ ವಿಭಾಗ ಬಂತು, ಮರಗೆಲಸ ಮತ್ತು ಕಬ್ಬಿಣದ ಕೆಲಸಕ್ಕೆ ವರ್ಕ್‌ಶಾಪ್ ಬಂತು, ಹುಡುಗಿಯರಿಗೆ ಅಡುಗೆ, ಹೊಲಿಗೆಯ ವಿಭಾಗ ಬಂತು, 1917ರಲ್ಲಿ ಸ್ಮಿತ್-ಹ್ಯೂಸ್ ಕಾಯ್ದೆ ಮಾಡಿ ಕೃಷಿ ಮತ್ತು ಕಸುಬು ಕಲಿಸಲು ಕೇಂದ್ರ ಸರ್ಕಾರವೇ ದುಡ್ಡು ಕೊಟ್ಟಿತು.

ಈಗ ನಮ್ಮದು ನೋಡಿ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ. ಆರು ಪೇಪರು, 625 ಅಂಕ. ಬೀದರಿನ ಮಗುವಿಗೂ ಅದೇ, ಆಗುಂಬೆಯ ಮಗುವಿಗೂ ಅದೇ. ಚಿತ್ರಕಲೆ, ಆಟ ಲೆಕ್ಕಕ್ಕಿಲ್ಲ, ಜನವರಿ ಬಂದರೆ ಆ ಪೀರಿಯಡ್ಡುಗಳು ಗಣಿತಕ್ಕೆ ಹೋಗುತ್ತವೆ. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಎನ್‌ಎಸ್‌ಕ್ಯೂಎಫ್ ಅನ್ನುವ ಕಸುಬಿನ ಶಿಕ್ಷಣದ ವ್ಯವಸ್ಥೆಯಲ್ಲಿ ಮೂರನೇ ಭಾಷೆಯ ಬದಲು ಐಟಿ, ಆಟೊಮೊಬೈಲು, ಬ್ಯೂಟಿ ಅಂಡ್ ವೆಲ್‌ನೆಸ್ ತೆಗೆದುಕೊಳ್ಳಬಹುದು. ಒಳ್ಳೆಯದೇ. ಆದರೆ ಅಡಿಕೆ ತೋಟದ ನಡುವೆ ಇರುವ ಶಾಲೆಯಲ್ಲಿ ತೋಟಗಾರಿಕೆ ಯಾಕೆ ಒಂದು ವಿಷಯ ಆಗಬಾರದು?

ನಾನು ಹೇಳುತ್ತಿರುವುದು ಸುಮ್ನೆ ಗಿಡ ನೆಡಿಸುವ ಕಾರ್ಯಕ್ರಮ ಅಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣವನ್ನೇ ತೆಗೆದುಕೊಳ್ಳಿ. ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕೆ.ಜಿ. ಸುಣ್ಣ, ನೂರು ಲೀಟರು ನೀರು. ಶೇಕಡಾ ಒಂದರ ದ್ರಾವಣ, ಲೆಕ್ಕ ಅಲ್ಲೇ ಬಂತು. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ನಮ್ಮವರು ಕಬ್ಬಿಣದ ಕತ್ತಿ ಅದ್ದುತ್ತಾರೆ. ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಹತ್ತನೇ ಕ್ಲಾಸಿನ ವಿಜ್ಞಾನದ ಮೊದಲ ಪಾಠದಲ್ಲಿ ತಾಮ್ರದ ಸಲ್ಫೇಟಿನೊಳಗೆ ಕಬ್ಬಿಣದ ಮೊಳೆ ಹಾಕುವ ಪ್ರಯೋಗ ಇದೆಯಲ್ಲ, ಅದೇ ಇದು! ಮನೆಯಲ್ಲಿ ಅಪ್ಪ ಮಳೆಗಾಲಕ್ಕೆ ಮುಂಚೆ ಮಾಡುವುದನ್ನೇ ಮಗು ಶಾಲೆಯಲ್ಲಿ ಬಾಯಿಪಾಠ ಹೊಡೆಯುತ್ತದೆ, ಎರಡೂ ಒಂದೇ ಅಂತ ಯಾರೂ ಹೇಳುವುದಿಲ್ಲ. ಕೊಳೆರೋಗಕ್ಕೆ ಈ ಔಷಧಿ ಹೊಡೆಯುವುದನ್ನು ಮಲೆನಾಡಿನಲ್ಲಿ ಬಳಕೆಗೆ ತಂದವರು 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾದದ್ದೂ ಅವರ ಕಾಲದಲ್ಲೇ. ಈಗ ಎಲೆಚುಕ್ಕಿ ಅನ್ನುವ ಶಿಲೀಂಧ್ರ ರೋಗ ತೀರ್ಥಹಳ್ಳಿ, ಹೊಸನಗರದ ತೋಟಗಳನ್ನು ತಿನ್ನುತ್ತಿದೆ. ಶಿಲೀಂಧ್ರ ಅಂದರೇನು, ಅದು ಗಾಳಿ ಮಳೆಯಲ್ಲಿ ಹೇಗೆ ಹರಡುತ್ತದೆ ಅಂತ ಹದಿನೈದು ವರ್ಷದ ಮಗುವಿಗೆ ಕಲಿಸಲು ಇದಕ್ಕಿಂತ ಹತ್ತಿರದ ಪಾಠ ಎಲ್ಲಿದೆ?

ಬುಕ್ ಕೀಪಿಂಗೂ ಹಾಗೆಯೇ. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬಗೆಬಗೆ, ದರ ಬೇರೆ ಬೇರೆ, ಮಂಡಿಯ ಮುಂಗಡ, ಬಡ್ಡಿ, ಕಮಿಷನ್ನು. ಮಂಡಿಯವರು ಕೊಡುವ ಆ ಲೆಕ್ಕದ ಚೀಟಿ ಓದಿ ಅರ್ಥ ಮಾಡಿಕೊಳ್ಳುವ ಹತ್ತನೇ ಪಾಸಾದ ಹುಡುಗರು ಎಷ್ಟು ಜನ ಸಿಕ್ಕಾರು?

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ಮುಚ್ಚಿಡಬಾರದು. ಕಸುಬು ಅಂತ ಶುರು ಮಾಡಿದರೆ ಬಡಗಿಯ ಮಗ ಬಡಗಿ, ಕೂಲಿಯವಳ ಮಗಳು ಹೊಲಿಗೆ, ಸಾಹುಕಾರರ ಮಗ ಡಾಕ್ಟರು ಅಂತ ಆಗುತ್ತದೆ. ಅಮೆರಿಕದಲ್ಲಿ ಬಹಳಷ್ಟು ಹಾಗೇ ಆಯಿತು. ಅಂಬೇಡ್ಕರ್ ಅವರಿಗೆ ಕೊಲಂಬಿಯಾದಲ್ಲಿ ಗುರುವಾಗಿದ್ದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಕಸುಬಿನ ಶಿಕ್ಷಣವನ್ನು ಸಾಮಾನ್ಯ ಶಿಕ್ಷಣದಿಂದ ಬೇರೆ ಮಾಡಬೇಡಿ ಅಂತ ಆಗಲೇ ವಾದ ಮಾಡಿದ್ದರು. 1953ರಲ್ಲಿ ಮುಖ್ಯಮಂತ್ರಿ ರಾಜಾಜಿ ಮದ್ರಾಸಿನಲ್ಲಿ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಅನ್ನುವ ಯೋಜನೆ ತಂದಾಗ ಜನ ಅದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದು ವಿರೋಧಿಸಿದರು, 1954ರಲ್ಲಿ ಕಾಮರಾಜ್ ಮುಖ್ಯಮಂತ್ರಿಯಾಗಿ ಬಂದ ಮೇಲೆ ಅದು ಹೋಯಿತು. ಹೋಗಿದ್ದು ಒಳ್ಳೆಯದಾಯಿತು. ನಮ್ಮ ಮೈಸೂರಿನಲ್ಲೂ ಹಳೇ ಹೈಸ್ಕೂಲು ಯಾರಿಗೆ ಸಿಗುತ್ತಿತ್ತು ಅನ್ನುವುದಕ್ಕೆ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯೇ ಸಾಕ್ಷಿ. ಓದು, ಸರ್ಕಾರಿ ನೌಕರಿ ಎರಡೂ ಹೆಚ್ಚಾಗಿ ಬ್ರಾಹ್ಮಣರ ಕಡೆಗೇ ಸೇರಿಕೊಂಡಿದ್ದಕ್ಕೇ, ಹಿಂದುಳಿದವರಿಗೂ ಪಾಲು ಸಿಗುವ ದಾರಿ ಹುಡುಕಲು ಆ ಸಮಿತಿ ಬೇಕಾಯಿತು.

ಅದಕ್ಕೇ ನನ್ನ ಬೇಡಿಕೆ ಚಿಕ್ಕದು. ಈಗಿರುವ ಯಾವ ವಿಷಯವನ್ನೂ ಬಡ ಮಕ್ಕಳಿಗೆ ಅಂತ ಕಡಿಮೆ ಮಾಡಬೇಡಿ. ಗಣಿತ, ವಿಜ್ಞಾನ, ಇಂಗ್ಲಿಷು ಎಲ್ಲರಿಗೂ ಇರಲಿ. ಎಂಟನೇ ಕ್ಲಾಸಿನಿಂದ ಅದರ ಜೊತೆ ಒಂದು ಐಚ್ಛಿಕ ವಿಷಯ ಕೊಡಿ. ತೋಟಗಾರಿಕೆ, ಲೆಕ್ಕಪತ್ರ, ಚಿತ್ರಕಲೆ, ಮರಗೆಲಸ, ಯಕ್ಷಗಾನ, ಸಂಸ್ಕೃತ, ಯಾವುದಾದರೂ ಆಗಲಿ. ಮಗು ಆರಿಸಲಿ, ಒಂದು ವರ್ಷದ ಮೇಲೆ ಬದಲಾಯಿಸಲೂ ಬಿಡಿ. ಅಂಕಪಟ್ಟಿಯಲ್ಲಿ ಅದಕ್ಕೂ ಜಾಗ ಇರಲಿ, ಪಿಯುಸಿ ಸೀಟಿಗೆ ಮಾತ್ರ ಅದು ಅಡ್ಡ ಬರಬಾರದು.

ಮೇಷ್ಟ್ರು ಎಲ್ಲಿಂದ ಬರಬೇಕು ಅಂತ ಇಲಾಖೆ ಕೇಳಬಹುದು. ತೋಟಗಾರಿಕೆಗೆ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರತಿ ವರ್ಷ ಪದವಿ ಮುಗಿಸುವ ಹುಡುಗ ಹುಡುಗಿಯರು ಇದ್ದಾರಲ್ವಾ? ಹತ್ತಿರದ ನಾಲ್ಕು ಹೈಸ್ಕೂಲು ಸೇರಿ ಒಬ್ಬರನ್ನು ಇಟ್ಟುಕೊಳ್ಳಲಿ, ದಿನಕ್ಕೊಂದು ಶಾಲೆ. ಆದರೆ ಆರು ತಿಂಗಳು ಸಂಬಳ ಬಾಕಿ ಇಡುವ ಅತಿಥಿ ಶಿಕ್ಷಕರ ಲೆಕ್ಕದಲ್ಲಿ ಮಾತ್ರ ಬೇಡ. ಮೊದಲು ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳಲ್ಲಿ ಮಾಡಿ ನೋಡಲಿ. ಶತಮಾನೋತ್ಸವ ಸಮಿತಿಯವರು ಬಣ್ಣಕ್ಕೆ ಎತ್ತಿದ ಚಂದಾದಲ್ಲಿ ಸ್ವಲ್ಪ ಉಳಿಸಿದರೆ ಶಾಲೆಯ ಹಿಂದೆ ಹತ್ತು ಗುಂಟೆಗೆ ಬೇಲಿ ಹಾಕಿಸಬಹುದು, ಒಂದು ಸ್ಪ್ರೇಯರ್ ತರಬಹುದು.

ಒಬ್ಬ ನಿವೃತ್ತ ಹೈಸ್ಕೂಲು ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು